ಸುಂಕದವಳ ಮುಂದೆ

ಸಂತೇಪೇಟೆಯ ಪಾತ್ರೆ ಅಂಗಡಿಯ ಮೇಲೆ ನನ್ನ ಕಚೇರಿ.
ಇವತ್ತು ಇಪ್ಪತ್ತನೇ ತಾರೀಖು, ರಿಟರ್ನ್ಸಿಗೆ ಕಡೆಯ ದಿನ.
ಪರದೆಯ ಮೇಲೊಂದು ಚಕ್ರ
ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇದೆ,
ಎಣ್ಣೆ ಮಾತ್ರ ಬರುತ್ತಿಲ್ಲ.

ಹದಿನಾಲ್ಕು ವರ್ಷದಿಂದ ಊರಿನ ಲೆಕ್ಕ ಬರೆಯುತ್ತಿದ್ದೇನೆ.
ಗಾಜಿನ ಬಳೆಗೆ ತೆರಿಗೆಯಿಲ್ಲ. ಕುಂಕುಮಕ್ಕಿಲ್ಲ.
ತಿಂಗಳ ಪ್ಯಾಡಿಗೆ ಇತ್ತು ಒಂದು ವರ್ಷ,
ಹೆಂಗಸರು ಗಲಾಟೆ ಮಾಡಿದ ಮೇಲೆ ತೆಗೆದರು.
ಯಾರೋ ದೂರದಲ್ಲಿ ಕೂತು
ಮಂಗಳ ಯಾವುದು, ಮೈಲಿಗೆ ಯಾವುದು
ಶೇಕಡಾವಾರು ಬರೆದಿಟ್ಟಿದ್ದರು;
ನಾನು ಬರಿಗೈಯಲ್ಲಿ ಅದನ್ನು ಟೈಪು ಮಾಡುತ್ತಿದ್ದೆ.
ಕೆಲಸ ಕಲಿಸಿದ ಶ್ರೀಕಂಠಯ್ಯನವರು ಹೇಳುತ್ತಿದ್ದರು:
‘ದರ ನೋಡಮ್ಮ, ಧರ್ಮ ನೋಡಬೇಡ.
ಧರ್ಮ ನೋಡೋಕೆ ಹೋದರೆ ಕೂಡುವ ಲೆಕ್ಕ ತಪ್ಪುತ್ತೆ.’

ಹನ್ನೊಂದು ಗಂಟೆಗೆ ಮಂಚಯ್ಯ ಬಂದ.
ಆಲೂಗಡ್ಡೆ ಮಂಡಿಯ ಹಮಾಲಿ. ಮೆಟ್ಟಿಲೇರಿದ್ದಕ್ಕೆ ಏದುಸಿರು.
ಚೀಲ ಕೊಡವಿದ ನನ್ನ ಮೇಜಿನ ಮೇಲೆ:
ಚಪ್ಪಟೆ ಮಾಡಿದ ವಿಸ್ಕಿ ಪೊಟ್ಟಣ, ನೂರೋ ಇನ್ನೂರೋ,
ಜೊತೆಗೊಂದು ಹಿಡಿ ಮಣ್ಣು.
‘ಇದ್ರಲ್ಲಿ ಸರ್ಕಾರದ್ದೆಷ್ಟು, ಅಂಗಡಿಯೋನದ್ದೆಷ್ಟು
ವಸಿ ಬಿಡಿಸಿ ಬರ್ದುಕೊಡಿ ಅವ್ವಾರೆ.
ರಸೀದಿ ಬೇಕು ನಂಗೆ.’

ಯಾಕಪ್ಪ?

ಮೊಮ್ಮಗಳ ಶಾಲೆಯಲ್ಲಿ ಹೊಸ ಕೋಣೆ ತೆರೆದರಂತೆ.
ಭಾಷಣ ಮಾಡಿದವರು ಇವನ ಕಡೆ ನೋಡದೆ ನೋಡುತ್ತ
‘ಕುಡುಕರು ಸಮಾಜಕ್ಕೆ ಹೊರೆ’ ಅಂದರಂತೆ.
‘ಮೂವತ್ತು ವರ್ಷ ಹೊರೆ ಹೊತ್ತೋನು ನಾನು.
ನಾನೇ ಹೊರೆಯಾ?
ಆ ಕೋಣೆ ಗ್ವಾಡೆಯಾಗೆ ಎಷ್ಟು ಇಟ್ಟಿಗೆ ನಂದು ಹೇಳಿ.
ಪಾಪ ಅಂದ್ರೆ ನಿಲ್ಲಿಸ್ಲಿ, ಅಂಗಡಿಗೆ ಬೀಗ ಹಾಕ್ಲಿ.
ಕಾಸು ಬೇಕು ಅಂದ್ರೆ ತಗೊಳ್ಳಿ,
ಉಗಿಯೋದ್ಯಾಕೆ?’

ಕ್ಯಾಲ್ಕುಲೇಟರು ತೆಗೆದೆ. ಸುಮ್ಮನೆ, ಗೌರವಕ್ಕೆ.
ಬಂದ ಮೊತ್ತ ನೋಡಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಆ ಪೊಟ್ಟಣಗಳ ಕೆಳಗೇ ಇತ್ತು
ಸಕಲೇಶಪುರದ ಎಸ್ಟೇಟಿನ ಫೈಲು:
ಮುನ್ನೂರು ಎಕರೆ ಕಾಫಿ, ನಾಲ್ಕು ಕಾರು,
ಕೃಷಿ ಆದಾಯ, ತೆರಿಗೆ ಸೊನ್ನೆ.
ಎಲ್ಲ ಕಾನೂನಿನ ಪ್ರಕಾರವೇ. ನಾನೇ ತುಂಬಿದ್ದು.
ಅಲ್ಲೂ ಯಾರೋ ತೀರ್ಪು ಕೊಟ್ಟಿದ್ದರು, ಬಹಳ ಹಿಂದೆ,
ಮಣ್ಣಿಂದ ಬಂದದ್ದು ಪವಿತ್ರವೆಂದು.
ಮಣ್ಣಾದ ಆಲೂಗಡ್ಡೆ ಚೀಲದ ಕೆಳಗಿನ ಬೆನ್ನಿನ ಬಗ್ಗೆ
ಆ ಸೆಕ್ಷನ್ನಿನಲ್ಲಿ ಏನೂ ಇಲ್ಲ.

ಅವನ ಪರ ವಾಲುತ್ತಿತ್ತು ಮನಸ್ಸು,
ನಿಜ ಹೇಳುತ್ತೇನೆ.

ಆಗ ಪುಟ್ಟಚೆನ್ನಿ ಮೆಟ್ಟಿಲೇರಿ ಬಂದಳು, ಅವನನ್ನು ಹುಡುಕಿಕೊಂಡು.
ಮೊತ್ತ ಬರೆದ ಚೀಟಿ ಎತ್ತಿದಳು. ಓದು ಬರದು, ಅಂಕಿ ಬರುತ್ತದೆ.
‘ಇದು ಇವನು ಕಟ್ಟಿದ್ದಾ?
ಕುಡಿತದ ಬೆಲೆ ಏರಿಸಿದಾಗೆಲ್ಲ ಇವನು ಒಂದು ಗುಟುಕು ಬಿಡಲಿಲ್ಲ.
ನಾನು ಬ್ಯಾಳೆ ಬಿಟ್ಟೆ. ಆಮೇಲೆ ಎಣ್ಣೆ ಬಿಟ್ಟೆ.
ಸೊಸೆ ಬಾಣಂತನಕ್ಕೆ ಇಟ್ಟಿದ್ದ ಕಾಸು ಬಿಟ್ಟೆ.
ಎತ್ತಿಗೆ ಜ್ವರ ಅಂತ ಎಮ್ಮೆಗೆ ಬರೆ ಎಳೆದವ್ರೆ.
ರಸೀದಿ ಕೊಡೋದಾದ್ರೆ ನನ್ನ ಹೆಸರಿಗೆ ಕೊಡಿ.’

ಮಂಚಯ್ಯ ನೆಲ ನೋಡುತ್ತ ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡ.

ಹಾಗಾದರೆ ದರ ಇಳಿಸಲೇ ತಾಯಿ?
ಅಂದೆ, ದರ ನನ್ನ ಕೈಯಲ್ಲಿದ್ದಂತೆ.
‘ಇಳಿಸಿದ್ರೆ ಎರಡು ಕುಡೀತಾನೆ’ ಅಂದಳು.
‘ಏರಿಸಿದ್ರೆ ನಾನು ಉಪಾಸ.
ನೀವು ಓದ್ದೋರು, ನೀವೇ ಹೇಳಿ.’

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ
ಅಂತ ಗಾದೆ. ಆ ಗಾದೆಯಲ್ಲಿ ಸುಂಕದವನು
ಏನೂ ಹೇಳುವುದಿಲ್ಲ; ಅವನಿಗೆ ಮಾತೇ ಕೊಟ್ಟಿಲ್ಲ.
ನಾನೂ ರಸೀದಿ ಪುಸ್ತಕ ತೆರೆದು ಕೂತೆ.
ಕಟ್ಟಿದವರ ಹೆಸರು: ಒಂದೇ ಗೆರೆ.
ಬಾಬತ್ತು: ಅದಕ್ಕೂ ಒಂದೇ ಗೆರೆ.
ಯಾಕೆ ಕಟ್ಟಿದರು, ಯಾರ ಅನ್ನದಿಂದ ಕಟ್ಟಿದರು
ಎನ್ನುವುದಕ್ಕೆ ಜಾಗವಿಲ್ಲ.

ಅವರು ಹೋದರು, ಅವಳು ಮುಂದೆ, ಅವನು ನಾಲ್ಕು ಮೆಟ್ಟಿಲು ಹಿಂದೆ.
ಚಕ್ರ ನಿಂತು ಪರದೆ ತೆರೆಯಿತು. ಸಂಖ್ಯೆ ಕೇಳಿತು.
ಮೇಜಿನ ಮೇಲಿನ ಮಣ್ಣನ್ನು ಅಂಗೈಗೆ ಬಳಿದುಕೊಂಡೆ.
ಇದು ಕೃಷಿಯದು,
ಇದಕ್ಕೆ ತೆರಿಗೆಯಿಲ್ಲ.