ನಾಲ್ಕು ಮೈಲಿ

ರಾತ್ರಿ ಎರಡೂವರೆ. ಅಶೋಕ ರಸ್ತೆಯ ನಾಯಿಗಳೂ
ಸುಮ್ಮನಾದ ಹೊತ್ತು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ
ನಾವು ಹದಿನೇಳು ಜನ, ಹಗಲಾಗಿರುವ ಅಮೆರಿಕದ
ಜ್ವರಕ್ಕೆ, ಮುರಿತಕ್ಕೆ, ಹೆರಿಗೆಗೆ
ಅಂಕಿ ಹಾಕುತ್ತ ಕೂತಿದ್ದೇವೆ.

ನನ್ನ ಪಾಲಿಗೆ ಬಂದದ್ದು ಒಂದು ಆಂಬುಲೆನ್ಸು.
ಗಂಡಸು. ಅರವತ್ತೊಂದು. ಹೆಸರು ನಮಗೆ ಕಾಣುವುದಿಲ್ಲ.
ಏಣಿಯಿಂದ ಬಿದ್ದದ್ದು. ದೂರ ನಾಲ್ಕು ಮೈಲಿ.
ಎರಡು ಸಾವಿರದ ಮುನ್ನೂರ ಎಂಬತ್ತು ಡಾಲರು,
ಆಮ್ಲಜನಕ ಬೇರೆ, ಕೈಗವಸು ಬೇರೆ.

ರೂಪಾಯಿ ಮಾಡಿ ನೋಡಬೇಡಿ, ಕೈ ನಡುಗುತ್ತೆ
ಅಂತ ಮೊದಲ ದಿನವೇ ಹೇಳಿದ್ದರು ಕಾಂತರಾಜು ಸಾರ್.
ನಾನು ರೂಪಾಯಿ ಮಾಡಲಿಲ್ಲ. ದೂರ ಅಳೆದೆ.
ನಾಲ್ಕು ಮೈಲಿ ಅಂದರೆ
ಟೌನ್ ಹಾಲಿನಿಂದ ಬಟವಾಡಿ ದಾಟಿ
ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗಿಂತ ಒಂಚೂರು ಆಚೆ.

ಅಲ್ಲಿಂದಲೇ ಅಲ್ಲವೆ ಹೋದ ಮಾಗಿಯಲ್ಲಿ
ಚಿಕ್ಕಮ್ಮನಿಗೆ ಎದೆ ಹಿಡಿದಾಗ ಬಾಬಾಜಾನ್ ಆಟೊದಲ್ಲಿ
ಜಿಲ್ಲಾಸ್ಪತ್ರೆಗೆ ಬಂದದ್ದು. ದಾರಿಯುದ್ದಕ್ಕೂ
ಹಾರನ್ನಿನ ಮೇಲಿಟ್ಟ ಹೆಬ್ಬೆರಳು ತೆಗೆಯಲೇ ಇಲ್ಲ ಅವನು.
ದುಡ್ಡು ಕೊಡಹೋದರೆ "ಮೊದ್ಲು ಒಳಗೆ ಹೋಗ್ರಮ್ಮ" ಅಂದವನು
ಮಾರನೆ ದಿನ ಬಂದು ನೂರಿಪ್ಪತ್ತು ಇಸ್ಕೊಂಡ,
ಗ್ಯಾಸಿಗೆ ಅಂತ, ನಾಚಿಕೊಂಡು.
ಚಿಕ್ಕಮ್ಮ ಉಳಿಯಲಿಲ್ಲ. ಅದು ಬೇರೆ ಮಾತು.
ಹೃದಯದ ಡಾಕ್ಟರು ಆ ರಾತ್ರಿ ಇರಲಿಲ್ಲ.

ಫೈಲಿನ ಕೊನೆಗೊಂದು ಟಿಪ್ಪಣಿ:
ಆಂಬುಲೆನ್ಸು ಬೇಡ, ನಡೆದೇ ಹೋಗುತ್ತೇನೆ
ಎಂದು ರೋಗಿ ಎರಡು ಸಲ ಹೇಳಿದ.
ಆಮೇಲೆ ಪ್ರಜ್ಞೆ ತಪ್ಪಿದೆ.
ಪ್ರಜ್ಞೆ ತಪ್ಪಿದ್ದಕ್ಕೊಂದು ಸಂಖ್ಯೆ ಇದೆ, ಹಾಕಿದೆ.
ಮುರಿದ ಕಾಲಿಗೆ ಇದೆ. ಏಣಿಗೂ ಇದೆ.
ಬೇಡ ಅಂದದ್ದಕ್ಕೂ ಇದೆ.
ಯಾಕೆ ಬೇಡ ಅಂದ ಅನ್ನುವುದಕ್ಕೆ
ಹುಡುಕುತ್ತಿದ್ದೆ, ಬೆನ್ನ ಹಿಂದೆ ಕಾಂತರಾಜು ಸಾರ್
"ಗಂಟೆಗೆ ಹನ್ನೆರಡಾಗಬೇಕು" ಅಂದರು.

ಬೆಳಗ್ಗೆ ಇಳಿದು ಬಂದೆ. ಮೂರು ದಿನದ ಹಲ್ಲುನೋವು.
ಮೆಡಿಕಲ್ ಶಾಪಿನ ಹುಡುಗ, ಶಟರು ಇನ್ನೂ ಅರ್ಧಕ್ಕಿರುವಾಗಲೇ,
ಕತ್ತರಿ ತೆಗೆದು ಎರಡು ಮಾತ್ರೆ ಕತ್ತರಿಸಿ ಕೊಟ್ಟ.
ಬೆಲೆ ಅಚ್ಚಾದ ತುಂಡು ಅವನ ಕಡೆಗೇ ಉಳಿಯಿತು.
"ಹದಿನಾಲ್ಕು, ಅಕ್ಕ."
ಹೌದೋ ಅಲ್ಲವೋ, ಕೇಳಲಿಲ್ಲ.

ಎದುರಿಗೆ ಬೋರ್ಡು ಬರೆಯಲು ಯಾರೋ ಏಣಿ ಹತ್ತುತ್ತಿದ್ದರು.
ಅರವತ್ತರ ಆಸುಪಾಸು, ಸೊಂಟಕ್ಕೆ ಬಣ್ಣದ ಡಬ್ಬಿ.
ಕೆಳಗೆ ಹಿಡಿಯುವವರು ಇರಲಿಲ್ಲ.
ಮಾತ್ರೆ ನುಂಗಿ, ರಸ್ತೆ ದಾಟಿ,
ಬಸ್ಸು ಬರುವವರೆಗೆ
ನಾನೇ ಹಿಡಿದುಕೊಂಡು ನಿಂತೆ.