ಮೂವತ್ತೈದು ಹಲ್ಲು

ಅಚ್ಚು ಎಂದರೆ ಇಷ್ಟೇ, ಒಂದು ಸರಳು.
ಈ ತುದಿಗೆ ಹಲ್ಲು, ಆ ತುದಿಗೆ ಗಾಲಿ,
ನಡುವೆ ಎರಡೂವರೆ ಅಡಿ ಉಕ್ಕು.

ಮುರಿದದ್ದನ್ನು ವೆರ್ಲನ್ ಇನ್ನೂ ಎಸೆದಿಲ್ಲ.
ಅಡುಗೆಮನೆಯ ಬಾಗಿಲಿಗೆ ಆನಿಸಿಟ್ಟಿದ್ದಾನೆ,
ಗಾಳಿಗೆ ಬಡಿಯದ ಹಾಗೆ.
ಮುರಿದ ಮುಖ ಬೂದು, ಸಕ್ಕರೆಯಂತೆ ಕಾಳುಕಾಳು.
ಕಳೆದ ಅಕ್ಟೋಬರಿನಲ್ಲಿ, ಅರೆಪಾವು ಮೈಲಿಯ ಪಟ್ಟಿಯಲ್ಲಿ,
ಹಸಿರು ದೀಪ ಹತ್ತಿ ಎರಡನೇ ಗೇರಿಗೆ ಬರುವಷ್ಟರಲ್ಲಿ
ತನ್ನದೇ ಎಡಗಾಲಿ ತನ್ನನ್ನು ದಾಟಿ ಓಡಿದ್ದನ್ನು ಕಂಡ.
'ಆ ಸುತ್ತು ಗೆದ್ದದ್ದು ಗಾಲಿಯೇ' ಎಂದು
ನರ್ಸುಗಳನ್ನೆಲ್ಲ ನಗಿಸಿದ.
ಬಲಗೈ ಮಾತ್ರ ಇವತ್ತಿಗೂ ಲೋಟ ಹಿಡಿದರೆ ತುಳುಕುತ್ತದೆ.

ಹೀಗಾಗಿ ಈ ವರ್ಷ ಓಡಿಸುವವಳು ನಾನು,
ಓಲೀಟಾ ಸ್ಟಾಲ್ಕಪ್, ಐವತ್ತೆಂಟು.
ಟೆನೆಸ್ಸಿಯ ಈ ಬೆಟ್ಟದ ಸಂದಿಯಲ್ಲಿ
ವಾರವಿಡೀ ಶಾಲೆಯ ಹಳದಿ ಬಸ್ಸು,
ಶನಿವಾರ ಎಪ್ಪತ್ತೆಂಟರ ಮಾಲಿಬು.

ಮೇಜಿನ ಮೇಲೆ ಬೆಲೆಪಟ್ಟಿ, ಭಾರಕ್ಕೆ ಉಪ್ಪಿನ ಡಬ್ಬಿ.
ಮೂವತ್ತೊಂದು ಹಲ್ಲಿನದು, ಮೂವತ್ತೈದರದು, ನಲವತ್ತರದು.
ಹಲ್ಲು ಹೆಚ್ಚಿದಷ್ಟೂ ಸರಳು ದಪ್ಪ, ಬೆಲೆಯೂ ದಪ್ಪ.
(ನನ್ನ ಬಾಯಲ್ಲಿ ಇಪ್ಪತ್ತಾರಿವೆ, ಸಂಸಾರ ಸಾಗುತ್ತಿದೆ.)
ಹೊರಚರ್ಮವನ್ನಷ್ಟೇ ಗಡಸು ಮಾಡಿದ್ದು ಒಂದು ಬಗೆ:
ಬೀದಿಯ ಗುಂಡಿಗಳನ್ನು ವರ್ಷಗಟ್ಟಲೆ ತಾಳಿಕೊಂಡು
ಪಟ್ಟಿಯ ಮೇಲೆ ಒಂದು ದಿನ, ಹೇಳದೆ ಕೇಳದೆ, ಲಟಕ್ಕನೆ.
ತಿರುಳಿನವರೆಗೂ ಹದ ಕೊಟ್ಟದ್ದು ಇನ್ನೊಂದು:
ಪ್ರತಿ ಏಟಿಗೂ ಹಗ್ಗದಂತೆ ತುಸು ಹುರಿಗೊಳ್ಳುತ್ತದೆ,
ಬಿಟ್ಟೊಡನೆ ಮರಳುತ್ತದೆ.
ಪೂರ್ತಿ ಅಲ್ಲ.
ಇಪ್ಪತ್ತೊಂದು ವರ್ಷ ಮಕ್ಕಳ ಬಸ್ಸು ಓಡಿಸಿದವಳಿಗೆ
ಇದನ್ನು ಬಿಡಿಸಿ ಹೇಳಬೇಕೆ.

ನಲವತ್ತರದು ತಗೋ ಎನ್ನುತ್ತಾನೆ ವೆರ್ಲನ್.
ಹೆದರಿದವನು ಅಂಗಡಿಗೆ ಹೋದರೆ ಹಾಗೆ, ಆನೆ ಕೇಳುತ್ತಾನೆ.
ಅಚ್ಚು ಬಳುಕದಿದ್ದರೆ ಆ ಏಟು ಎಲ್ಲಿಗೆ ಹೋಗಬೇಕು ಹೇಳು?
ಪಿನಿಯನ್ನಿಗೆ. ಅಲ್ಲಿಂದ ಉದ್ದನೆಯ ಶಾಫ್ಟಿಗೆ.
ಅದು ಕಿತ್ತು ಕುಣಿದರೆ ಕುಣಿಯುವುದು ನನ್ನ ಸೊಂಟದ ಪಕ್ಕ.
ಅವನು ಮಾತಾಡಲಿಲ್ಲ.
ಎಡಗೈಯಲ್ಲಿ ಟೇಪು ಎಳೆದ.

ಶೆಡ್ಡಿನಲ್ಲಿ ಗುಜರಿಯಿಂದ ತಂದ ಒಂಬತ್ತಿಂಚಿನ ಹೌಸಿಂಗು,
ಆ ಕೊನೆಯಲ್ಲಿ ಅವನು, ಈ ಕೊನೆಯಲ್ಲಿ ನಾನು.
ನಡುಗುವ ಕೈಯಲ್ಲಿ ಟೇಪು ಕೂದಲೆಳೆಯಷ್ಟು ಸುಳ್ಳು ಹೇಳುತ್ತದೆ,
ಮೂರು ಸಲ ಅಳೆದೆವು.
ಎಡದ್ದು ಉದ್ದ, ಬಲದ್ದು ಗಿಡ್ಡ;
ಪಿನಿಯನ್ನು ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದು ಕೂತಿದೆ.
ಜೋಡಿ ಎಂದು ಮಾರುತ್ತಾರೆ,
ಸಮ ಎಂದು ಯಾರೂ ಹೇಳಿಲ್ಲ.

ಫೋನಿನಲ್ಲಿ ಡ್ವೇನ್ ಹಕಬಿ:
ಸ್ಪೂಲು ಎಷ್ಟು ಹಲ್ಲಿನದು? ಹಲ್ಲಿಗೆ ಹಲ್ಲು ಕೂಡಬೇಕು ನೋಡಿ.
ಕ್ಲಚ್ಚೋ ಕನ್ವರ್ಟರೋ? ಟೈರಿನ ಎತ್ತರ? ಕಾರಿನ ತೂಕ?
ಓಡಿಸುವವರು ಯಾರು?
ನಾನೇ ಅಂದೆ.
ಆ ಕಡೆ ಅಗಿಯುತ್ತಿದ್ದ ಏನೋ ನಿಂತಿತು.
ಹಾಗಾದರೆ, ಅಮ್ಮಾ, ನಿಮ್ಮ ತೂಕ...
ಕಾರಿನ ಜೊತೆ ಸೇರಿಸಿಯೇ ಹೇಳಿದ್ದೇನೆ ಅಂದೆ.

ಮೂವತ್ತೈದು ಹಲ್ಲು, ತಿರುಳಿನವರೆಗೂ ಹದ, ದಪ್ಪ ಸ್ಟಡ್ಡು.
ನನ್ನ ಓವರ್‌ಟೈಮು ಹೋಯಿತು,
ಅವನ ಮೀನಿನ ದೋಣಿಯ ಮೋಟಾರು ಹೋಯಿತು.

ಮಂಗಳವಾರ ಬಂದವು, ರಟ್ಟಿನ ಕೊಳವೆಯಲ್ಲಿ, ಎಣ್ಣೆ ಹಚ್ಚಿಕೊಂಡು.
ಒಳಗೆ ತೂರಿಸುವ ಮುನ್ನ
ಉಗುರುಬಣ್ಣದ ಶೀಶೆ ಹುಡುಕಿ ತಂದೆ,
ಮಗಳ ಮದುವೆಗೆ ಕೊಂಡದ್ದು, ಅರ್ಧ ಒಣಗಿದೆ.
ತುದಿಯಿಂದ ತುದಿಗೆ ಒಂದೇ ಕೆಂಪು ಗೆರೆ.
ಎಳೆದವನು ವೆರ್ಲನ್, ಬಲಗೈಯಲ್ಲೇ.
ಎರಡು ಕಡೆ ಅಲುಗಿದೆ, ಅಳಿಸಲು ನಾನು ಬಿಡಲಿಲ್ಲ.

ಸೀಸನ್ನು ಮುಗಿದು ಹೊರಗೆಳೆದಾಗ
ಗೆರೆ ಎಷ್ಟು ಸುತ್ತಿಕೊಂಡಿದೆ ನೋಡಬೇಕು,
ಅದರಲ್ಲಿ ನನ್ನ ಓಟದ್ದೆಷ್ಟು, ಅವನ ಕೈಯದೆಷ್ಟು
ಎಂದು ಕಳೆದು.