ಎಂಟು ದಿನ

ಶಿವಮೊಗ್ಗದ ಸಾಗರ ರಸ್ತೆ ಸಾಮಿಲ್ಲಿನಲ್ಲಿ
ಹೊಟ್ಟು ಕೂತ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು
ಇನಾಯತ್ ಸಾಹೇಬರಿಗೆ ಹೇಳಿಬಿಟ್ಟಿದ್ದೆ:
ಎಂಟು ದಿನ.

ಯಾಕೆ ಎಂಟು? ಏಳು ಯಾಕೋ ಕಡಿಮೆ ಅನ್ನಿಸಿತು,
ಹತ್ತೆಂದರೆ ಬೇರೆಯವರನ್ನು ಕರೆದಾರು.
ಲೆಕ್ಕ ಅಷ್ಟೇ.

ಇವತ್ತು ಮೂವತ್ತೇಳನೆಯದು.
ಮೂರನೇ ದಿನ ಗೊತ್ತಾಯಿತು, ಅವರ ಖಾತೆಪುಸ್ತಕ
ಇಂಚಿನ ಕೆಳಗೂ ಇಳಿಯುತ್ತದೆ: ಇಂಚಿಗೆ ಎಂಟು ನೂಲು.
ಹನ್ನೊಂದನೇ ದಿನ, ಉದ್ರಿ ಬರೆಯುವುದು ಹಸಿರು ಶಾಯಿಯಲ್ಲಿ,
ಭಾಮೈದನ ಉದ್ರಿ ಮಾತ್ರ ಪೆನ್ಸಿಲಿನಲ್ಲಿ.
ಪೆನ್ಸಿಲಿಗೆ ಯಾವ ಕಾಲಂ?
ಆಮೇಲೆ ಎಣಿಸುವುದು ಬಿಟ್ಟೆ.
ಫೋನಿಗೆ ಒಂದೇ ಉತ್ತರ, ಇನ್ನೇನು ಮುಗೀತು ಸಾಹೇಬ್ರೆ.
ಆಗುಂಬೆ ಕಡೆ ದಾರಿ ಕೇಳಿದರೆ ಅನ್ನುತ್ತಾರಲ್ಲ,
ಇಲ್ಲೇ, ಒಂದು ಕೂಗಳತೆ.
ಯಾರ ಕೂಗು ಅಂತ ಹೇಳುವುದಿಲ್ಲ.

ಬೈಸಿಕೊಳ್ಳಲು ತಯಾರಾಗಿಯೇ ಹೋದೆ.
ಅವರು ದಿಮ್ಮಿಯೊಂದರ ಪಕ್ಕ ನಿಂತಿದ್ದರು.
ಟೇಪು ಹಿಡಿಯದೆ, ಬರೀ ಕಣ್ಣಲ್ಲೇ ಅಳೆದು
ನಲವತ್ತು ಅಡಿ ಹಲಗೆ ಅಂದಿದ್ದರಂತೆ ಗಿರಾಕಿಗೆ.
ಗರಗಸ ಅರ್ಧ ಹೋದದ್ದೇ ಸದ್ದು ಬದಲಾಯಿತು.
ಒಳಗೆ ಪೊಳ್ಳು. ಮೊಳದುದ್ದ ಕಪ್ಪು ಪುಡಿ,
ಯಾವುದೋ ಹಕ್ಕಿಯ ಹಳೇ ಗೂಡು.

ಬೆರಳು ತೂರಿಸಿ ನೋಡಿದರು. ನನ್ನ ಕಡೆ ತಿರುಗಿ
"ನಿಂದೆಷ್ಟಮ್ಮ ಬಾಕಿ?"
ನಾಲಿಗೆ ತುದಿಗೆ ಎಂಟು ಬಂದಿತ್ತು. ನುಂಗಿದೆ.
"ಕೊಯ್ದು ನೋಡಬೇಕು, ಸಾಹೇಬ್ರೆ."

ನಕ್ಕರೋ, ಗಡ್ಡದ ಹೊಟ್ಟು ಕೊಡವಿದರೋ
ಆ ಧೂಳಲ್ಲಿ ತಿಳಿಯಲಿಲ್ಲ.
ಎರಡು ಚಹಾ ಹೇಳಿದರು.

ಐದೇ ನಿಮಿಷ, ಅಂದ ಹುಡುಗ.